ತೆರಿಗೆ ಪ್ರಶ್ನೋತ್ತರ: ತೋಟದ ಯಂತ್ರ, ಹಟ್ಟಿ, ಗೋಡಂಬಿ ಕಾರ್ಖಾನೆಗೆ ಸವಕಳಿ ಎಷ್ಟು?

(ಸವಕಳಿ ಎಂದರೆ ಯಂತ್ರ, ಕಟ್ಟಡ ಹಳೆಯದಾಗುತ್ತ ಬೆಲೆ ಇಳಿಯುವುದಕ್ಕೆ ಪ್ರತಿ ವರ್ಷ ಖರ್ಚಾಗಿ ಕಳೆಯುವ ಮೊತ್ತ. ಲೆಕ್ಕಗಳೆಲ್ಲ 2025-26ರ ಆದಾಯಕ್ಕೆ ಸಂಬಂಧಿಸಿದವು. ಕಲಮುಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದಾಚೆಗಿನ ಆದಾಯಕ್ಕೆ 2025ರ ಕಾಯ್ದೆ ಅನ್ವಯಿಸುತ್ತದೆ, ಅಲ್ಲಿ ಕಲಮುಗಳ ಸಂಖ್ಯೆ ಬೇರೆ.)

ಪ್ರಶ್ನೆ: ನನಗೆ ಮುಂಬಯಿಯಲ್ಲಿ ನೌಕರಿ, ಪುತ್ತೂರಿನ ಹತ್ತಿರ ಅಡಿಕೆ ತೋಟ. ಕಳೆದ ಜೂನ್‌ನಲ್ಲಿ ಅಡಿಕೆ ಸುಲಿಯುವ ಯಂತ್ರಕ್ಕೂ ಪವರ್ ಟಿಲ್ಲರ್‌ಗೂ ಸೇರಿ 4 ಲಕ್ಷ ಹಾಕಿದೆ. ಕೃಷಿಗೆ ತೆರಿಗೆಯೇ ಇಲ್ಲವೆಂದಮೇಲೆ ಸವಕಳಿ ಬರೆದಿಟ್ಟು ಏನು ಪ್ರಯೋಜನ? ಸಂಬಳದಿಂದ ಕಳೆಯಬಹುದೇ?
– ಡೊಂಬಿವಲಿಯ ಓದುಗರು

ಉತ್ತರ: ಸಂಬಳದಿಂದ ಕಳೆಯಲು ಬರುವುದಿಲ್ಲ. ಆದರೂ ಬರೆದಿಡಲೇಬೇಕು. ಕೃಷಿ ಆದಾಯಕ್ಕೆ ನೇರ ತೆರಿಗೆ ಇಲ್ಲ ನಿಜ, ಆದರೆ ನಿವ್ವಳ ಕೃಷಿ ಆದಾಯ 5,000 ರೂಪಾಯಿ ದಾಟಿ, ಉಳಿದ ಆದಾಯವೂ ವಿನಾಯಿತಿ ಮಿತಿ ಮೀರಿದರೆ ನಿಮ್ಮ ಸಂಬಳದ ಮೇಲಿನ ತೆರಿಗೆ ದರವನ್ನು ಕೃಷಿ ಆದಾಯ ಮೇಲಕ್ಕೆ ತಳ್ಳುತ್ತದೆ. ಆ ನಿವ್ವಳವನ್ನು ವ್ಯಾಪಾರದ ಆದಾಯದಂತೆಯೇ, ಸವಕಳಿ ಕಳೆದು, ಲೆಕ್ಕ ಹಾಕಬೇಕೆಂದು ಕಾನೂನೇ ಹೇಳುತ್ತದೆ.

ಅಂಕಿಗಳಲ್ಲಿ ನೋಡೋಣ. ಹೊಸ ಪದ್ಧತಿಯಲ್ಲಿ ನಿಮ್ಮ ತೆರಿಗೆಗೊಳಪಡುವ ಸಂಬಳ 15 ಲಕ್ಷ, ತೋಟದಿಂದ ಖರ್ಚು ಕಳೆದು 3 ಲಕ್ಷ ಉಳಿದಿದೆ ಎಂದಿಟ್ಟುಕೊಳ್ಳಿ. ಎರಡೂ ಸೇರಿದ 18 ಲಕ್ಷಕ್ಕೆ ತೆರಿಗೆ 1,60,000. ಅದರಿಂದ, ವಿನಾಯಿತಿ ಮಿತಿ 4 ಲಕ್ಷಕ್ಕೆ ಕೃಷಿಯ 3 ಲಕ್ಷ ಸೇರಿಸಿದ 7 ಲಕ್ಷದ ಮೇಲಿನ ತೆರಿಗೆ 15,000 ಕಳೆದರೆ ನೀವು ಕಟ್ಟಬೇಕಾದದ್ದು 1,45,000. ಈಗ ಯಂತ್ರಗಳ ಮೇಲೆ ಶೇ. 15, ಅಂದರೆ 60,000 ಸವಕಳಿ ಬರೆಯಿರಿ. ಕೃಷಿ ಆದಾಯ 2.4 ಲಕ್ಷಕ್ಕೆ ಇಳಿಯುತ್ತದೆ. ಇದೇ ರೀತಿ 17.4 ಲಕ್ಷದ ತೆರಿಗೆ 1,48,000ದಿಂದ 6.4 ಲಕ್ಷದ ತೆರಿಗೆ 12,000 ಕಳೆದು ಕಟ್ಟಬೇಕಾದದ್ದು 1,36,000. ಉಳಿತಾಯ 9,000, ಸೆಸ್ ಬೇರೆ. ತೋಟ ನಷ್ಟದಲ್ಲಿದ್ದರೆ ಆ ನಷ್ಟವನ್ನು 8 ವರ್ಷದವರೆಗೆ ಮುಂದಿನ ಕೃಷಿ ಆದಾಯದ ಎದುರು ಮಾತ್ರ ಹೊಂದಿಸಬಹುದು.

ಇಲ್ಲಿ ಹೆಚ್ಚಾಗಿ ಆಗುವ ತಪ್ಪು ಎರಡು. ಒಂದು, ಐಟಿಆರ್-1 (ಸಂಬಳದಾರರ ಸರಳ ರಿಟರ್ನ್ ನಮೂನೆ) ತುಂಬುವುದು. ಕೃಷಿ ಆದಾಯ 5,000 ಮೀರಿದರೆ ಐಟಿಆರ್-2 ಬೇಕು. 5 ಲಕ್ಷ ಮೀರಿದರೆ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗೇಣಿಯದೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಕೊಡಬೇಕು. ಇನ್ನೊಂದು, ಯಂತ್ರಕ್ಕೆ ನಗದು ಕೊಡುವುದು. ಒಬ್ಬರಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆ ಮೊತ್ತ ಯಂತ್ರದ ಬೆಲೆಯಲ್ಲಿ ಸೇರುವುದೇ ಇಲ್ಲ, ಅದರ ಮೇಲೆ ಸವಕಳಿಯೂ ಇಲ್ಲ. ಸಬ್ಸಿಡಿ ಬಂದಿದ್ದರೆ ಅದನ್ನು ಬೆಲೆಯಿಂದ ಮೊದಲೇ ಕಳೆಯಿರಿ. ಖಾತೆಗೆ ಸಬ್ಸಿಡಿ ತಡವಾಗಿ ಬರುವುದರಿಂದ ಇದನ್ನು ಮರೆಯುವವರು ಬಹಳ.

ಪ್ರಶ್ನೆ: ಪುಣೆಯ ಹೊರವಲಯದಲ್ಲಿ 12 ಹಸುಗಳ ಡೇರಿ ನಡೆಸುತ್ತಿದ್ದೇವೆ. ಹಸುಗಳ ಮೇಲೆ ಸವಕಳಿ ಸಿಗುವುದೇ? ಹಟ್ಟಿಗೆ ಶೇ. 40 ಸಿಗುತ್ತದೆ ಎಂದು ಒಬ್ಬರು ಹೇಳಿದರು.
– ಚಾಕಣದ ದಂಪತಿ

ಉತ್ತರ: ಮೊದಲು ಒಂದು ಮಾತು ಮನಸ್ಸಿಗೆ ತಂದುಕೊಳ್ಳಿ: ಹಾಲಿನ ಆದಾಯ ಕೃಷಿ ಆದಾಯವಲ್ಲ, ಅದು ವ್ಯಾಪಾರ. ಇಲ್ಲಿ ಸವಕಳಿಯ ಪ್ರತಿ ರೂಪಾಯಿಗೂ ನೇರ ಬೆಲೆಯಿದೆ.

ಹಸುಗಳಿಗೆ ಸವಕಳಿ ಇಲ್ಲ. 43(3)ನೇ ಕಲಂ ಜಾನುವಾರುಗಳನ್ನು ‘ಯಂತ್ರ–ಸ್ಥಾವರ’ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಅದರ ಬದಲಿಗೆ 36(1)(vi) ಇದೆ. ಹಸು ಸತ್ತರೆ ಅಥವಾ ಶಾಶ್ವತವಾಗಿ ನಿರುಪಯೋಗಿಯಾದರೆ, ಕೊಂಡ ಬೆಲೆಯಿಂದ ಅದರ ಮೇಲೆ ಬಂದ ಹಣ ಕಳೆದು ಉಳಿದದ್ದನ್ನು ಆ ವರ್ಷವೇ ಪೂರ್ತಿ ಖರ್ಚು ಹಾಕಬಹುದು. 80,000 ಕೊಟ್ಟು ತಂದ ಹಸುವಿನಿಂದ 5,000 ಬಂದರೆ 75,000 ಖರ್ಚು. ಇದಕ್ಕೆ ಕಿವಿಯೋಲೆ ಸಂಖ್ಯೆ, ಖರೀದಿಯ ಬಿಲ್ಲು, ಪಶುವೈದ್ಯರ ಪ್ರಮಾಣಪತ್ರ ಜೋಪಾನವಾಗಿರಲಿ. ಹೋದ ಹಸು ಯಾವುದೆಂದು ತೋರಿಸಲಾಗದಿದ್ದರೆ ಈ ಖರ್ಚು ನಿಲ್ಲುವುದಿಲ್ಲ.

ಹಟ್ಟಿಗೆ ಶೇ. 40 ಸಿಗುವುದು ಮರದ ಚಪ್ಪರದಂಥ ಶುದ್ಧ ತಾತ್ಕಾಲಿಕ ಕಟ್ಟಡವಾದರೆ ಮಾತ್ರ. ಕಾಂಕ್ರೀಟ್ ಕಂಬದ ಮೇಲೆ ತಗಡು ಹೊದಿಸಿದ್ದು ತಾತ್ಕಾಲಿಕವಲ್ಲ, ಅದಕ್ಕೆ ಶೇ. 10. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರಕ್ಕೆ ಶೇ. 15. ಬಯೋಗ್ಯಾಸ್ ಘಟಕ, ಸೌರ ಫಲಕಗಳಿದ್ದರೆ ಅವುಗಳಿಗೆ ಶೇ. 40, ಇವನ್ನು ಯಂತ್ರಗಳ ಗುಂಪಿಗೆ ಸೇರಿಸಿ ಶೇ. 15ರಲ್ಲಿ ಕೂರಿಸಿ ನಷ್ಟ ಮಾಡಿಕೊಳ್ಳಬೇಡಿ. ನೆಲಕ್ಕೆ ಸವಕಳಿ ಇಲ್ಲ.

44ಎಡಿ ಕಲಮಿನ ಅಂದಾಜು ಲಾಭದ ಪದ್ಧತಿಯಲ್ಲಿ ವಹಿವಾಟಿನ ಶೇ. 6 ಅಥವಾ 8ನ್ನು ಲಾಭವೆಂದು ಘೋಷಿಸುತ್ತಿದ್ದರೆ ಮೇಲಿನ ಯಾವುದನ್ನೂ ಪ್ರತ್ಯೇಕವಾಗಿ ಕಳೆಯುವಂತಿಲ್ಲ. ಆದರೆ ಸವಕಳಿ ಕೊಟ್ಟಾಯಿತೆಂದೇ ಎಣಿಸಿ ಯಂತ್ರದ ಬಾಕಿ ಮೌಲ್ಯ (ಬೆಲೆಯಿಂದ ಸವಕಳಿ ಕಳೆದು ಉಳಿದದ್ದು) ವರ್ಷವರ್ಷ ಇಳಿಯುತ್ತದೆ. ದೊಡ್ಡ ಖರೀದಿಯ ವರ್ಷದಲ್ಲಿ ಎರಡೂ ಲೆಕ್ಕ ಹಾಕಿ ನೋಡಿ. ಆದರೆ ಒಮ್ಮೆ ಹೊರಬಂದರೆ 5 ವರ್ಷ ಮತ್ತೆ 44ಎಡಿಗೆ ಮರಳಲಾಗದು ಎಂಬುದನ್ನೂ ತೂಗಿ ನೋಡಬೇಕು.

ಪ್ರಶ್ನೆ: ಗೋವೆಯಲ್ಲಿ ಗೋಡಂಬಿ ಕಾರ್ಖಾನೆ ಇದೆ. 12 ಲಕ್ಷದ ಹೊಸ ಯಂತ್ರಗಳು ನವೆಂಬರ್ 10ರಂದು ಓಡತೊಡಗಿದವು, ಬಿಲ್ಲು ಮಾತ್ರ ಸೆಪ್ಟೆಂಬರಿನದು. ಹೆಚ್ಚುವರಿ ಸವಕಳಿ ಪೂರ್ತಿ ಸಿಗುವುದೇ?
– ಫೋಂಡಾದ ಓದುಗರು

ಉತ್ತರ: ಲೆಕ್ಕಕ್ಕೆ ಬರುವುದು ಬಿಲ್ಲಿನ ದಿನವಲ್ಲ, ಬಳಕೆ ಶುರುವಾದ ದಿನ. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಸವಕಳಿ ಅರ್ಧ. 2025ರ ಅಕ್ಟೋಬರ್ 3ರೊಳಗೆ ಓಡಿದ್ದರೆ ಮಾತ್ರ ಪೂರ್ತಿ ಸಿಗುತ್ತಿತ್ತು.

ತಯಾರಿಕೆಗೆ ಬಳಸುವ ಹೊಸ ಯಂತ್ರಗಳಿಗೆ ಮಾಮೂಲಿ ಶೇ. 15ರ ಮೇಲೆ ಇನ್ನೂ ಶೇ. 20 ಹೆಚ್ಚುವರಿ ಸವಕಳಿ ಇದೆ. ನಿಮಗೆ ಈ ವರ್ಷ ಶೇ. 7.5ರಂತೆ 90,000, ಹೆಚ್ಚುವರಿಯ ಅರ್ಧ 1,20,000, ಒಟ್ಟು 2,10,000. ಮುಂದಿನ ವರ್ಷ ಉಳಿದ 9,90,000ದ ಮೇಲೆ ಶೇ. 15ರಂತೆ 1,48,500, ಜೊತೆಗೆ ಹೆಚ್ಚುವರಿಯ ಉಳಿದ ಅರ್ಧ 1,20,000. ಈ ಎರಡನೇ ಅರ್ಧ ತಾನಾಗಿ ಬರುವುದಿಲ್ಲ, ನಿಮ್ಮ ಸಿಎಗೆ ನೆನಪಿಸಿ. ಹಳೆಯ ಯಂತ್ರ ಕೊಂಡಿದ್ದರೆ, ವಾಹನಕ್ಕೆ, ಆಫೀಸಿನ ಸಲಕರಣೆಗೆ ಹೆಚ್ಚುವರಿ ಇಲ್ಲ. ಜಿಎಸ್‌ಟಿ ಕ್ರೆಡಿಟ್ ತೆಗೆದುಕೊಂಡಿದ್ದರೆ ಜಿಎಸ್‌ಟಿ ಬಿಟ್ಟ ಬೆಲೆಯೇ ಆಧಾರ.

ಒಬ್ಬರದೇ ಒಡೆತನದ ಕಾರ್ಖಾನೆಯಾಗಿದ್ದು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ ಹೆಚ್ಚುವರಿ ಸವಕಳಿ ಸಿಗದು. ಬೇಕೆಂದರೆ ರಿಟರ್ನಿನ ಗಡುವಿನೊಳಗೆ ಫಾರ್ಮ್ 10-ಐಇಎ ಸಲ್ಲಿಸಿ ಹಳೆಯ ಪದ್ಧತಿಗೆ ಬರಬೇಕು. ಪಾಲುದಾರಿಕೆ ಸಂಸ್ಥೆಗೆ ಈ ತೊಡಕಿಲ್ಲ. ಅದಕ್ಕೆ ಹೇಗೂ ಶೇ. 30 ದರ, ಹೆಚ್ಚುವರಿ ಸವಕಳಿಯೂ ಉಂಟು. ನಿಮ್ಮದೇ ತೋಟದ ಗೇರುಬೀಜ ಬಳಸಿದ್ದರೆ ಅದರ ಮಾರುಕಟ್ಟೆ ಬೆಲೆಯನ್ನು ಕಾರ್ಖಾನೆಯ ಖರ್ಚಾಗಿ ಹಾಕಿ, ಮರೆಯಬೇಡಿ. ಗೋವೆಯ ಸಮುದಾಯ ಆಸ್ತಿ ಕಾನೂನಿಗೆ ಒಳಪಟ್ಟ ದಂಪತಿಯಾದರೆ ಸವಕಳಿ ಕಳೆದ ನಂತರದ ಆದಾಯವನ್ನು 5ಎ ಕಲಮಿನಂತೆ ಅರ್ಧರ್ಧ ಹಂಚಿ ತೋರಿಸಬೇಕು.

ಯಂತ್ರ ಯಾವಾಗ ಓಡಿತೆಂಬುದಕ್ಕೆ ಅಳವಡಿಕೆಯ ವರದಿ, ವಿದ್ಯುತ್ ಬಿಲ್ಲು, ಮೊದಲ ದಿನದ ಉತ್ಪಾದನೆಯ ನಮೂದು ಇಟ್ಟುಕೊಳ್ಳಿ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಕಾಫಿ ತೋಟವಿದೆ, ಕ್ಯೂರ್ ಮಾಡಿಸಿ (ಒಣಗಿಸಿ, ಹೊಟ್ಟು ತೆಗೆಸಿ) ಮಾರುತ್ತೇವೆ. ಆದಾಯದ ಶೇ. 25ಕ್ಕೆ ಮಾತ್ರ ತೆರಿಗೆ. ಹಾಗಾದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಬಾಕಿ ಮೌಲ್ಯದಿಂದಲೂ ಸವಕಳಿಯ ಶೇ. 25 ಮಾತ್ರ ಕಳೆದರೆ ಸಾಕಲ್ಲವೇ?
– ಠಾಣೆಯ ಓದುಗರು

ಉತ್ತರ: ಸಾಲದು. 2009ರಲ್ಲಿ ಡೂಮ್ ಡೂಮಾ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀವು ಹೇಳುವಂತೆಯೇ ಅಂದಿತ್ತು. ಅದೇ ವರ್ಷ ಬಾಕಿ ಮೌಲ್ಯದ ವ್ಯಾಖ್ಯೆಯಿರುವ 43(6)ನೇ ಕಲಮಿಗೆ 7ನೇ ವಿವರಣೆ ಸೇರಿಸಿ, 2010-11ರ ತೆರಿಗೆ ನಿರ್ಧಾರ ವರ್ಷದಿಂದ ಕಾನೂನು ಬದಲಾಯಿಸಲಾಯಿತು. 4 ಲಕ್ಷದ ಪಲ್ಪರ್‌ಗೆ ಸವಕಳಿ 60,000. ನಿಮ್ಮ ತೆರಿಗೆಗೊಳಪಡುವ ಆದಾಯದಿಂದ ಇಳಿಯುವುದು ಅದರ ಶೇ. 25, ಅಂದರೆ 15,000 ಅಷ್ಟೇ, ಆದರೂ ಬಾಕಿ ಮೌಲ್ಯ ಪೂರ್ತಿ 60,000 ಇಳಿದು 3,40,000 ಆಗುತ್ತದೆ. ಈ ವರ್ಷ ಬೇಡವೆಂದು ಸವಕಳಿ ಬರೆಯದೆ ಮುಂದಕ್ಕೆ ಉಳಿಸಿಕೊಳ್ಳುವಂತೆಯೂ ಇಲ್ಲ. ಕೇಳಿದರೂ ಬಿಟ್ಟರೂ ಅದನ್ನು ಕಳೆದೇ ಲೆಕ್ಕ ಹಾಕುತ್ತಾರೆ. ಹಳೆಯ ರಿಟರ್ನುಗಳಲ್ಲಿ ಶೇ. 25 ಮಾತ್ರ ಇಳಿಸುತ್ತ ಬಂದಿದ್ದರೆ ಪಲ್ಪರ್ ಮಾರುವ ಮೊದಲೇ ಪಟ್ಟಿ ಸರಿಪಡಿಸಿ.