ಮಾತ್ರೆ ಕೊಳ್ಳುವ ಮೊದಲು ಒಂದು ರಕ್ತ ಪರೀಕ್ಷೆ

ಅಂಧೇರಿಯಲ್ಲಿ ಪಿಜಿ ವಾಸ, ಸಸ್ಯಾಹಾರ, ಡಬ್ಬಾ ಊಟ, ಸದಾ ಸುಸ್ತು. ಮಲ್ಟಿವಿಟಮಿನ್ ಮಾತ್ರೆ ಶುರು ಮಾಡಲೇ, ಊಟವನ್ನೇ ಸುಧಾರಿಸಿಕೊಳ್ಳಲೇ ಎಂದು ಕೇಳಿದ್ದೀರಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ. ಹೀಗೆ ಒತ್ತಿ ಹೇಳಲು ನನಗೆ ಕಾರಣವಿದೆ.

ನಾನು ಧಾರವಾಡದ ಕಡೆಯವಳು, 22 ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇನೆ. ಏಳು ವರ್ಷಗಳ ಹಿಂದೆ ನನಗೂ ಇಂಥದೇ ಸುಸ್ತು. ರಕ್ತ ಕಡಿಮೆಯಾಗಿರಬೇಕೆಂದು ನಾನೇ ತೀರ್ಮಾನಿಸಿ, ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ತಂದು ಒಂದು ವರ್ಷ ನುಂಗಿದೆ. ಹಿಮೋಗ್ಲೋಬಿನ್ 12 ದಾಟಿತು, ಸಮಾಧಾನವಾಯಿತು. ಅಷ್ಟರಲ್ಲಿ ಅಂಗಾಲು ಜುಮ್ಮೆನ್ನತೊಡಗಿತು. ಲೋಕಲ್ ರೈಲಿನಲ್ಲಿ ದಾದರ್‌ವರೆಗೆ ನಿಂತೇ ಹೋಗುವುದಲ್ಲವೇ, ಅದಕ್ಕೇ ಇರಬೇಕು ಎಂದುಕೊಂಡೆ. ಒಂದು ಸಂಜೆ ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಎಡಗಾಲಿನ ಚಪ್ಪಲಿ ಕಳಚಿಹೋದದ್ದು ನನಗೆ ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದ ಹೆಂಗಸೊಬ್ಬರು ಕೂಗಿ ಹೇಳಿದರು. ಮರುದಿನ ವೈದ್ಯರ ಬಳಿ ಓಡಿದೆ. ರಕ್ತದಲ್ಲಿ 200ಕ್ಕಿಂತ ಮೇಲಿರಬೇಕಾದ ವಿಟಮಿನ್ ಬಿ12 ನನ್ನಲ್ಲಿ 96 ಇತ್ತು.

ಬಿ12 ಕಡಿಮೆಯಾದರೂ ಫೋಲೇಟ್ (ಮಾತ್ರೆಯ ರೂಪದಲ್ಲಿ ಇದೇ ಫೋಲಿಕ್ ಆಮ್ಲ) ಕಡಿಮೆಯಾದರೂ ರಕ್ತಹೀನತೆ ಬರುತ್ತದೆ. ಬಿ12 ಕೊರತೆ ಇರುವವರು ಬರೀ ಫೋಲಿಕ್ ಆಮ್ಲ ನುಂಗಿದರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರಗಳು ಒಳಗೊಳಗೇ ಹಾಳಾಗುತ್ತಿರುತ್ತವೆ. ನನಗೆ ಆದದ್ದು ಅದೇ.

ಫೋಲೇಟಿನ ಕಥೆ ಶುರುವಾದದ್ದು ಇದೇ ಮುಂಬೈಯಲ್ಲಿ ಎಂಬುದು ನನಗೆ ಆಮೇಲೆ ತಿಳಿಯಿತು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಇಲ್ಲಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರ ರಕ್ತಹೀನತೆಗೆ ಕಾರಣ ಹುಡುಕಿದರು. ಆ ಹೆಂಗಸರು ಏನು ಉಣ್ಣುತ್ತಾರೆ ಎಂಬುದನ್ನು ಗಮನವಿಟ್ಟು ನೋಡಿದರು. ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ವಿಲ್ಸ್ ಇದನ್ನು ಪ್ರಕಟಿಸಿದರು. ಸಾರದಲ್ಲಿದ್ದ ಆ ಅಂಶವೇ ಫೋಲೇಟ್ ಎಂದು ಗೊತ್ತಾದದ್ದು ನಂತರ. ಊಟದ ತಟ್ಟೆಯಿಂದ ಹುಡುಕಾಟ ಆರಂಭಿಸಿದ ಆಕೆಯ ಮೇಲೆ ನನಗೆ ಬಹಳ ಗೌರವ.

ಫೋಲೇಟ್ ನಿಮಗೆ ಪಾಲಕ್, ಮೆಂತ್ಯ, ಹೆಸರುಕಾಳು, ಕಡಲೆಯಲ್ಲೇ ಸಿಗುತ್ತದೆ. (ಗರ್ಭ ಧರಿಸುವ ಯೋಚನೆಯಿರುವವರಿಗೆ ಮಾತ್ರ ಮೊದಲೇ ಮಾತ್ರೆ ಬೇಕು.) ರಾಗಿಯನ್ನು ಇಲ್ಲಿಯ ಅಂಗಡಿಯಲ್ಲಿ ನಾಚಣಿ ಎಂದು ಕೇಳಿ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಡಬ್ಬಾದ ಬೇಳೆಗೆ ನಿಂಬೆಹಣ್ಣು ಹಿಂಡಿಕೊಳ್ಳಿ, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಅದೇ ಕಬ್ಬಿಣ ವ್ಯರ್ಥವಾಗುತ್ತದೆ. ಕೈಗಾಡಿಯ ಒಂದು ಪೇರಲ ಹಣ್ಣು ಸಾಕು, ವಿಟಮಿನ್ ಸಿ ಮಾತ್ರೆಗೆ ದುಡ್ಡು ಸುರಿಯಬೇಡಿ.

ಬಿ12 ವಿಷಯದಲ್ಲಿ ಮಾತ್ರ ಊಟದಿಂದಲೇ ಪಡೆಯುತ್ತೇನೆಂಬ ಹಠ ಬೇಡ. ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ಸೊಪ್ಪು, ಕಾಳು, ಧಾನ್ಯಗಳಿಂದ ಅದು ದಕ್ಕುವುದಿಲ್ಲ. ಮೊಟ್ಟೆಯನ್ನೂ ತಿನ್ನದವರಿಗೆ ಹಾಲು ಮೊಸರೇ ಗತಿ. ದಿನಕ್ಕೆ 2 ಮೈಕ್ರೋಗ್ರಾಂಗಿಂತ ಸ್ವಲ್ಪ ಹೆಚ್ಚು ಬೇಕು, ಒಂದು ದೊಡ್ಡ ಲೋಟ ಹಾಲಿನಲ್ಲಿ ಸಿಗುವುದು ಸುಮಾರು 1. ನಾನು ಕುಡಿಯುತ್ತಿದ್ದ ಚಹಾದ ಹಾಲು ಯಾವ ಲೆಕ್ಕಕ್ಕೂ ಬರುತ್ತಿರಲಿಲ್ಲ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಇನ್ನಷ್ಟು ಕುಸಿಯಬಹುದು.

ಇನ್ನೊಂದು, ವಿಟಮಿನ್ ಡಿ. ಬೆಳಿಗ್ಗೆ ಏಳರ ಬಿಸಿಲಿನಿಂದ ಅದು ಹೆಚ್ಚೇನೂ ಸಿಗುವುದಿಲ್ಲ, ಸೂರ್ಯ ಮೇಲೇರಿರಬೇಕು. ಆ ಹೊತ್ತಿಗೆ ನಾವೆಲ್ಲ ಕಚೇರಿಯೊಳಗೆ. ಕೊರತೆಯಿದ್ದರೆ ಮಾತ್ರೆ ಬೇಕು, ಆದರೆ ಅಳತೆಯಲ್ಲಿ. ನಮ್ಮ ಕಟ್ಟಡದ ಹಿರಿಯರೊಬ್ಬರು ವಾರಕ್ಕೊಂದರಂತೆ ಬರೆದಿದ್ದ 60,000 ಯೂನಿಟ್ ಮಾತ್ರೆಯನ್ನು ತಿಂಗಳುಗಟ್ಟಲೆ ದಿನಕ್ಕೊಂದು ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿಯಿಂದ ಆಸ್ಪತ್ರೆ ಸೇರಿದರು. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು. ಅತಿಯಾದರೆ ದೇಹದಲ್ಲೇ ಸಂಗ್ರಹವಾಗುತ್ತವೆ, ಅದರಲ್ಲೂ ಎ ಮತ್ತು ಡಿ ವಿಷವಾಗಬಲ್ಲವು.

ನನಗೆ ದಿನ ಬಿಟ್ಟು ದಿನ ಬಿ12 ಚುಚ್ಚುಮದ್ದು ಕೊಟ್ಟರು, ಆಮೇಲೆ ವಾರಕ್ಕೊಂದು, ಈಗ ಮಾತ್ರೆ. ಸುಸ್ತು ಒಂದು ತಿಂಗಳಲ್ಲಿ ಹೋಯಿತು. ಎಡಗಾಲಿನ ಎರಡು ಬೆರಳು ಇಂದಿಗೂ ಮರಗಟ್ಟಿಯೇ ಇವೆ.

ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಸಂಗ್ರಹವಾಗಿರುವ ಕಬ್ಬಿಣದ ಅಳತೆ), ಬಿ12, ವಿಟಮಿನ್ ಡಿ: ಈ ನಾಲ್ಕನ್ನೂ ಕೇಳಿ ಮಾಡಿಸಿ, ವರದಿಯನ್ನು ವೈದ್ಯರಿಗೆ ತೋರಿಸಿ. ಈಗಾಗಲೇ ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಅವರಿಗೆ ಹೇಳಿ. ಕೆಲವು ದಿನ ಬಿ12 ನುಂಗಿದರೂ ವರದಿಯಲ್ಲಿ ಸಂಖ್ಯೆ ಏರಿಬಿಡುತ್ತದೆ, ನಿಜವಾದ ಕೊರತೆ ಕಾಣಿಸುವುದಿಲ್ಲ.