ಈ ಮನೆಯಲ್ಲಿ ಅಜ್ಜಿ ಎಲ್ಲಿ?

ಪ್ರಶ್ನೆ: ನನ್ನ ಮೊಮ್ಮಗಳಿಗೆ ನಾಲ್ಕು ವರ್ಷ. ಮನೆಯಲ್ಲಿ ಅವಳು, ಅವಳ ತಾಯಿ ಮತ್ತು ನಾನು ಮೂವರೇ ಇದ್ದೇವೆ. ಮೊನ್ನೆ ಚಿತ್ರಪುಸ್ತಕವೊಂದರಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳಿರುವ ಮನೆಯನ್ನು ಬಹಳ ಹೊತ್ತು ನೋಡಿ, "ಈ ಮನೆಯಲ್ಲಿ ಅಜ್ಜಿ ಎಲ್ಲಿ?" ಎಂದು ಕೇಳಿದಳು. ನಮ್ಮಂಥ ಕುಟುಂಬದ ಪುಸ್ತಕಗಳನ್ನು ಆರಿಸುವುದು ಹೇಗೆ? ಅವಳಿಗೆ ತೋಚದಿರುವ ಕೊರತೆಯನ್ನು ನಾವೇ ತೋರಿಸಿಕೊಟ್ಟಂತಾಗದೇ?

ಉತ್ತರ: ನಿಮ್ಮ ಮೊಮ್ಮಗಳು ಅಪ್ಪನಿಲ್ಲದ್ದನ್ನು ಕುರಿತು ಕೇಳಲಿಲ್ಲ, ನಿಮ್ಮನ್ನು ಹುಡುಕಿದಳು. ಅಕ್ಷರ ಬಾರದ ವಯಸ್ಸಿನಲ್ಲಿ ಮಗು ಓದುವುದು ಚಿತ್ರವನ್ನು. ಅದನ್ನು ಓದುವ ಎಚ್ಚರ ದೊಡ್ಡವರಾದ ನಮಗೆ ಅಷ್ಟಾಗಿ ಇರುವುದಿಲ್ಲ.

ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದ ಲೇಖನವೊಂದರಲ್ಲಿ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದರು. ಮಗುವಿಗೆ ಎರಡೂ ಬೇಕು. ಆದ್ದರಿಂದ ನೀವು ಹೇಳಿದ ಪುಸ್ತಕವನ್ನು ಎತ್ತಿಡಬೇಡಿ. ಅದು ಅವಳ ಪಾಲಿಗೆ ಬೇರೊಂದು ಮನೆಯತ್ತ ತೆರೆದ ಕಿಟಕಿ. ಅದರ ಪಕ್ಕದಲ್ಲಿ ಅವಳ ಮನೆಯನ್ನೇ ತೋರಿಸುವ ಒಂದು ಕನ್ನಡಿಯೂ ಇರಲಿ.

ಕೊರತೆಯ ಬಗ್ಗೆ ನಿಮಗಿರುವ ಆತಂಕ ಸಹಜವಾದದ್ದೇ. ಕುಟುಂಬವನ್ನು ಕುರಿತ ಎಷ್ಟೋ ಪುಸ್ತಕಗಳಲ್ಲಿ ಕುಟುಂಬದ ರೂಪವೇ ಕಥೆಯ ಸಮಸ್ಯೆಯಾಗಿರುತ್ತದೆ: ಮಗು ಕೊರಗುತ್ತದೆ, ದೊಡ್ಡವರು ಸಮಾಧಾನ ಹೇಳುತ್ತಾರೆ. ಮಗು ನಿಜವಾಗಿ ನೊಂದಿರುವಾಗ ಅವು ಉಪಯುಕ್ತ, ಆದರೆ ಮೊದಲು ಕೈಗೆ ಕೊಡಬೇಕಾದವು ಅವಲ್ಲ. ಅಜ್ಜಿ, ಅಮ್ಮ, ಮಗು ಮೂವರೂ ಸೇರಿ ಕಳೆದುಹೋದ ಛತ್ರಿಯೊಂದನ್ನು ಹುಡುಕುವ ಕಥೆ, ಮೂವರೇ ಏಕೆಂದು ಯಾರೂ ವಿವರಿಸದ ಕಥೆ, ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳದ್ದು. ಸಂಸ್ಕೃತಿಯ ವಿಷಯದಲ್ಲೂ ಅಷ್ಟೇ: ಒಂದು ಸಮುದಾಯದ ಜನ ಸಂಭ್ರಮದ ಉಡುಪಿನಲ್ಲಿ ಮಾತ್ರ ಕಾಣಿಸಿಕೊಳ್ಳುವ ಪುಸ್ತಕಕ್ಕಿಂತ, ಅವರ ಮಗು ಒಂದು ಮಾಮೂಲಿ ದಿನ ಚಪ್ಪಲಿ ಹುಡುಕುತ್ತಿರುವ ಪುಸ್ತಕ ಅವರನ್ನು ಹೆಚ್ಚು ಹತ್ತಿರ ತರುತ್ತದೆ.

ಗ್ರಂಥಾಲಯದಲ್ಲಿ ಪುಸ್ತಕ ಕೈಗೆತ್ತಿಕೊಂಡಾಗ ಬರಹವನ್ನು ಅಂಗೈಯಿಂದ ಮುಚ್ಚಿ, ಚಿತ್ರಗಳನ್ನಷ್ಟೇ ನೋಡುತ್ತಾ ಪುಟ ತಿರುವಿ. ಅಜ್ಜಿ ಎಲ್ಲ ಪುಟಗಳಲ್ಲೂ ಕೋಲು ಹಿಡಿದು ಮೂಲೆಯಲ್ಲಿ ಕುಳಿತಿದ್ದಾರೆಯೇ, ಇಲ್ಲವೇ ಕಥೆಯನ್ನು ಮುಂದೆ ನಡೆಸುವವರಲ್ಲಿ ಒಬ್ಬರೇ? ಬಣ್ಣ, ಉಡುಪು, ದೇಹದಲ್ಲಿ ಬೇರೆಯಾಗಿರುವವರಿಗೆ ತಮ್ಮದೇ ಮುಖಭಾವವಿದೆಯೇ, ಅಥವಾ ಎಲ್ಲರಿಗೂ ಒಂದೇ ಮುಖ ಬರೆದು ಬಣ್ಣ ಮಾತ್ರ ಬದಲಿಸಿದ್ದಾರೆಯೇ? ಬರಹ ಮರೆಮಾಚುವುದನ್ನು ಚಿತ್ರ ಹೇಳಿಬಿಡುತ್ತದೆ.

ಹುಡುಕಿದರೂ ಸಿಗದಿದ್ದರೆ ಅದು ನಿಮ್ಮ ತಪ್ಪಲ್ಲ. 1965ರಲ್ಲಿ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಅಮೆರಿಕದಲ್ಲಿ ಅದಕ್ಕೆ ಹಿಂದಿನ ಮೂರು ವರ್ಷ ಪ್ರಕಟವಾಗಿದ್ದ 5,206 ಮಕ್ಕಳ ಪುಸ್ತಕಗಳ ಲೆಕ್ಕ ಕೊಟ್ಟರು. ಚಿತ್ರದಲ್ಲಾಗಲಿ ಬರಹದಲ್ಲಾಗಲಿ ಕಪ್ಪು ಜನರು ಇದ್ದದ್ದು 349ರಲ್ಲಿ ಮಾತ್ರ. ಪರಿಸ್ಥಿತಿ ಈಗ ಸುಧಾರಿಸಿದೆ, ಆದರೂ ಎಲ್ಲ ಬಗೆಯ ಮನೆಗಳೂ ಪುಸ್ತಕದೊಳಗೆ ಬಂದಿಲ್ಲ.

ಹಾಗಾಗಿ ಒಂದು ಪುಸ್ತಕವನ್ನು ನೀವೇ ಮಾಡಿ. ಎಂಟು ಹಾಳೆಗಳನ್ನು ಒಟ್ಟಿಗೆ ಮಡಿಸಿ ನಡುವೆ ದಾರದಿಂದ ಹೊಲಿದರೆ 32 ಪುಟ; ಅಚ್ಚಾದ ಚಿತ್ರಪುಸ್ತಕಗಳಿಗೂ ಸಾಮಾನ್ಯವಾಗಿ ಅಷ್ಟೇ ಪುಟಗಳಿರುತ್ತವೆ. ಚಿತ್ರ ಅವಳು ಬರೆಯಲಿ, ಅವಳು ಹೇಳಿದ ಮಾತನ್ನು ತಿದ್ದದೆ ನೀವು ಬರೆದುಕೊಳ್ಳಿ. ಇನ್ನು ಆ ಹಳೆಯ ಪುಸ್ತಕದ ಅದೇ ಪುಟಕ್ಕೆ ಮತ್ತೆ ಬಂದಾಗ ಉತ್ತರ ಹೇಳುವ ಅವಸರ ಬೇಡ. "ಅಜ್ಜಿ ಎಲ್ಲಿರಬಹುದು?" ಎಂದು ಅವಳನ್ನೇ ಕೇಳಿ, ಅವಳು ಬೆರಳಿಟ್ಟು ತೋರಿಸುವವರೆಗೂ ಪುಟ ತಿರುವದೆ ಕಾಯಿರಿ.