ಕಿಟಕಿ ಬದಲಿಸುವ ಮೊದಲು ಸ್ಕ್ರೂ ನೋಡಿ

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮ ಸರ್ಕಾರಿ ಕಚೇರಿ ಏಳನೇ ಮಹಡಿಯಲ್ಲಿದೆ. ಹಳೆಯ ಕಬ್ಬಿಣದ ಕಿಟಕಿಗಳು ತುಕ್ಕು ಹಿಡಿದಿವೆ, ಮಳೆಗಾಲದಲ್ಲಿ ಕಡತಗಳೆಲ್ಲ ಒದ್ದೆ. ಅಲ್ಯೂಮಿನಿಯಂ ಹಾಕಿಸಿದರೆ ಸಾಕಾ ಸರ್?

ಉತ್ತರ: ಅಲ್ಯೂಮಿನಿಯಂ ಒಳ್ಳೆಯದೇ, ಪೌಡರ್ ಕೋಟಿಂಗ್ (ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಕೂರಿಸಿದ ಲೇಪ) ಇರಲಿ. ಆದರೆ ಕರಾವಳಿಯಲ್ಲಿ ಇದೇ ಕೆಲಸ ಮಾಡುವ ನಾನು ಮೊದಲು ನೋಡುವುದು ಸ್ಕ್ರೂ. ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದರೆ ಉಪ್ಪುಗಾಳಿಯ ತೇವಕ್ಕೆ ಎರಡು ಲೋಹ ತಾಗುವ ಜಾಗವೇ ಸವೆಯುತ್ತದೆ. ಸುತ್ತ ಬಿಳಿ ಪುಡಿ ಕಂಡರೆ ಅದೇ ರೋಗ. 316 ಗ್ರೇಡಿನ (ಉಪ್ಪುಗಾಳಿಯನ್ನು ಚೆನ್ನಾಗಿ ತಡೆಯುವ) ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ, ಜೊತೆಗೆ ಲೋಹಕ್ಕೆ ಲೋಹ ತಾಗದಂತೆ ನೈಲಾನ್ ವಾಷರ್ ಎಂದು ಟೆಂಡರ್‌ನಲ್ಲೇ ಬರೆಸಿ.

ಇನ್ನು ನೀರು. ಅಷ್ಟು ಎತ್ತರದಲ್ಲಿ ಗಾಳಿ ಜಾಸ್ತಿ, ಮಳೆ ಅಡ್ಡಡ್ಡ ಹೊಡೆಯುತ್ತದೆ ಅಲ್ವಾ? ಕಿಟಕಿ ಬಾಗಿಲು ಸರಿಯುವ ಹಳಿಯೊಳಗೆ ಸ್ವಲ್ಪ ನೀರು ಬಂದೇ ಬರುತ್ತದೆ. ಅದು ಹೊರಗೆ ಹೋಗಲು ಕೆಳಪಟ್ಟಿಯಲ್ಲಿ ಸಣ್ಣ ತೂತುಗಳಿರುತ್ತವೆ. ಸೋರುತ್ತದೆಂದು ಅವಕ್ಕೂ ಸಿಲಿಕೋನ್ ಬಳಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆಗ ನೀರು ಒಳಗೇ ಬರುತ್ತದೆ. ಕಿಟಕಿಯ ಕೆಳಗಿನ ಕಟ್ಟೆಯೂ ಹೊರಕ್ಕೆ ಇಳಿಜಾರಾಗಿರಬೇಕು.

ಗಾಜು ಲ್ಯಾಮಿನೇಟೆಡ್ ಆಗಿರಲಿ. ಒಡೆದರೂ ಚೂರುಗಳು ಎರಡು ಗಾಜುಗಳ ನಡುವಿನ ಪ್ಲಾಸ್ಟಿಕ್ ಪದರಕ್ಕೆ ಅಂಟಿಕೊಂಡಿರುತ್ತವೆ. ಕೆಳಗೆ ಜನ ಓಡಾಡುತ್ತಾರೆ. ಕೆಲಸ ನವೆಂಬರ್ ನಂತರ ಶುರುಮಾಡಿ, ಜೂನ್‌ಗೆ ಮೊದಲೇ ಪೈಪಿನಲ್ಲಿ ನೀರು ಬಿಟ್ಟು ಪರೀಕ್ಷೆ ಮಾಡಿಸಿಕೊಳ್ಳಿ. ಆಮೇಲೆ ಬಿಲ್ ಪಾಸು ಮಾಡಿ.